‘ಸಿಕೋ’ ಕೇಳದೇ ಬಿಟ್ಟ ಪ್ರಶ್ನೆ

ಅಮೆರಿಕದ ಮೈಕೆಲ್ ಮೂರ್ 2007ರಲ್ಲಿ ತೆಗೆದ ‘ಸಿಕೋ’ ಸಾಕ್ಷ್ಯಚಿತ್ರವನ್ನು ಈಗ ನೋಡಿದರೂ ಬೆರಳುಗಳ ದೃಶ್ಯ ನಮ್ಮನ್ನು ಕಾಡದೆ ಬಿಡುವುದಿಲ್ಲ. ವಿಮೆಯಿಲ್ಲದ ಒಬ್ಬಾತನ ಎರಡು ಬೆರಳುಗಳ ತುದಿ ಗರಗಸಕ್ಕೆ ಸಿಕ್ಕಿ ತುಂಡಾಗಿವೆ. ಆಸ್ಪತ್ರೆ ದರ ಹೇಳುತ್ತದೆ: ನಡುಬೆರಳು ಜೋಡಿಸಲು 60,000 ಡಾಲರ್, ಉಂಗುರ ಬೆರಳಿಗೆ 12,000. ಆತ ಉಂಗುರ ಬೆರಳನ್ನು ಆರಿಸಿಕೊಳ್ಳುತ್ತಾನೆ.

ಇಷ್ಟಾದ ಮೇಲೆ, ತನ್ನ ಚಿತ್ರ ವಿಮೆ ಇಲ್ಲದವರ ಕುರಿತಾದದ್ದಲ್ಲ, ವಿಮೆ ಇದ್ದವರ ಕುರಿತಾದದ್ದು ಎನ್ನುತ್ತಾರೆ ಮೂರ್. ಚಿತ್ರದ ಶಕ್ತಿ ಇರುವುದು ಈ ತೀರ್ಮಾನದಲ್ಲೇ. ಕಂತು ಕಟ್ಟಿಯೂ ಚಿಕಿತ್ಸೆ ನಿರಾಕರಿಸಲ್ಪಟ್ಟವರ ಕಥೆಗಳು ಒಂದರ ಹಿಂದೊಂದು ಬರುತ್ತವೆ. ಬಳಿಕ ಕೆನಡಾ, ಬ್ರಿಟನ್, ಫ್ರಾನ್ಸ್, ಕೊನೆಗೆ ಕ್ಯೂಬಾ. ಈ ಪ್ರವಾಸದಲ್ಲಿ ನಮಗೆ ಸ್ವಲ್ಪ ಅನುಮಾನ ಹುಟ್ಟುತ್ತದೆ. ಎಲ್ಲರೂ ನಗುತ್ತಿದ್ದಾರೆ, ತೆರಿಗೆಯ ಬಗ್ಗೆ ಗೊಣಗುವವರು ಕಾಣುವುದಿಲ್ಲ, ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ಕಾಯುವವರೂ ಇಲ್ಲ. ಮದುವೆ ದಲ್ಲಾಳಿ ಹುಡುಗನನ್ನು ಹೊಗಳುವ ಹಾಗೆ!

ಆದರೆ ನಮ್ಮ ಮುಖ್ಯ ತಕರಾರು ಬೇರೆಯೇ. ಇಷ್ಟು ನೊಂದ ಜನ ಸರಕಾರಿ ವಿಮೆಯನ್ನು ಏಕೆ ಪಟ್ಟು ಹಿಡಿದು ಕೇಳುವುದಿಲ್ಲ? ಕಂಪೆನಿಗಳ ಹಣ ಮತ್ತು ಭಯದ ಪ್ರಚಾರ ಎಂಬುದು ಮೂರ್ ಅವರ ಉತ್ತರ. 1961ರಲ್ಲಿ ವೈದ್ಯರ ಸಂಘದ ಪರವಾಗಿ ರೊನಾಲ್ಡ್ ರೇಗನ್ ಮಾತನಾಡಿದ ಧ್ವನಿಮುದ್ರಿಕೆಯನ್ನು ಚಿತ್ರ ಕೇಳಿಸುತ್ತದೆ. ಸರಕಾರಿ ವೈದ್ಯಕೀಯ ಎಂದರೆ ಸಮಾಜವಾದದ ಹೆಬ್ಬಾಗಿಲು ಎಂಬುದು ಅದರ ಸಾರ. ಉತ್ತರ ಸುಳ್ಳಲ್ಲ, ಆದರೆ ಅರ್ಧ. ಅದೇ ಪ್ರಚಾರದ ನಡುವೆಯೇ 1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ಬಂತಲ್ಲ?

ಉಳಿದ ಅರ್ಧವನ್ನು ಕೈಸರ್ ಫ್ಯಾಮಿಲಿ ಫೌಂಡೇಶನ್ 2019ರ ಜನವರಿಯಲ್ಲಿ ನಡೆಸಿದ ಸಮೀಕ್ಷೆ ತೋರಿಸುತ್ತದೆ. ಎಲ್ಲರಿಗೂ ಒಂದೇ ಸರಕಾರಿ ವಿಮೆ ಬೇಕೇ ಎಂದಾಗ ಶೇ. 56 ಮಂದಿ ಹೌದೆಂದರು. ಅದು ಆರೋಗ್ಯ ವಿಮೆಯನ್ನು ಪ್ರತಿಯೊಬ್ಬರ ಹಕ್ಕಾಗಿಸುತ್ತದೆ ಎಂದಾಗ ಶೇ. 71. ಖಾಸಗಿ ವಿಮಾ ಕಂಪೆನಿಗಳು ಇಲ್ಲವಾಗುತ್ತವೆ ಎಂದಾಗ ಶೇ. 37. ಚಿಕಿತ್ಸೆ ತಡವಾಗಬಹುದು ಎಂದಾಗ ಶೇ. 26! ಇದನ್ನು ಕಂಡು ಜನ ಚಂಚಲರೆಂದು ನಕ್ಕವರಿದ್ದಾರೆ. ನಾವು ನಗಲಾರೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸುವುದಕ್ಕೆ ಮಿತಿ ಬಿದ್ದಾಗ ಮಾಲಕರು ವಿಮೆಯ ಆಮಿಷ ಒಡ್ಡಿದರು; ಅಂದಿನಿಂದ ಅಲ್ಲಿ ಹೆಚ್ಚಿನವರ ವಿಮೆ ಉದ್ಯೋಗಕ್ಕೆ ಅಂಟಿಕೊಂಡಿದೆ. ನಮ್ಮ ಊರುಗಳಿಂದ ಅಲ್ಲಿಗೆ ಹೋದ ಸಾಫ್ಟ್‌ವೇರ್ ಹುಡುಗರಿಗೂ ಇದು ಗೊತ್ತು, ಕೆಲಸ ಹೋದರೆ ವೀಸಾದ ಚಿಂತೆಯ ಜೊತೆಗೆ ವಿಮೆಯದ್ದೂ. ಕೈಯಲ್ಲಿರುವುದು ಹರಿದ ಕೊಡೆಯೇ ಇರಬಹುದು. ಮಳೆಯ ನಡುವೆ ಅದನ್ನು ಎಸೆದು ಬಾ, ಆಚೆ ಚಾವಣಿ ಕಟ್ಟಿಕೊಡುತ್ತೇವೆ ಎಂದರೆ ಮಕ್ಕಳೊಂದಿಗನಾದವನು ಹಿಂಜರಿಯುವುದಿಲ್ಲವೇ?

ವರ್ಮಾಂಟ್ ರಾಜ್ಯ ಇಂಥ ಯೋಜನೆಗೆ ಕಾನೂನು ಮಾಡಿಯೂ ತೆರಿಗೆಯ ಲೆಕ್ಕ ನೋಡಿ 2014ರಲ್ಲಿ ಕೈಬಿಟ್ಟಿತು. ಕೊಲೊರಾಡೋದಲ್ಲಿ 2016ರಲ್ಲಿ ಜನಮತಕ್ಕೆ ಹಾಕಿದಾಗ ಸುಮಾರು ಶೇ. 79 ಮಂದಿ ಬೇಡವೆಂದರು. ಕಂತಿನ ಹೊರೆ ಇಳಿಯುತ್ತದೆ ಎಂಬ ಭರವಸೆ ನಾಳೆಯದ್ದು, ತೆರಿಗೆಯ ಅಂಕಿ ಮಾತ್ರ ಇಂದೇ ಕಣ್ಣಿಗೆ ಹೊಡೆಯುತ್ತದೆ.

ಕೆನಡಾದವರೆಗೆ ಹೋದ ಮೂರ್ ಸಸ್ಕ್ಯಾಚುವಾನ್ ಪ್ರಾಂತದ ಕಥೆಯನ್ನು ಬಿಡಿಸಿ ಹೇಳಬೇಕಿತ್ತು. 1962ರ ಜುಲೈ 1ರಂದು ಅಲ್ಲಿ ಸರಕಾರಿ ವಿಮೆ ಜಾರಿಗೆ ಬಂದ ದಿನವೇ ವೈದ್ಯರು ಮುಷ್ಕರ ಹೂಡಿದರು. ಅದು 23 ದಿನ ನಡೆಯಿತು. ನಗುಮುಖಗಳ ದೇಶದಲ್ಲಿ ಆಗ ಸಮಾಜ ಎರಡಾಗಿ ಸೀಳಿಹೋಗಿತ್ತು. 1964ರ ಚುನಾವಣೆಯಲ್ಲಿ ಮತದಾರರು ಆ ಯೋಜನೆ ತಂದ ಸರಕಾರವನ್ನೇ ಇಳಿಸಿದರು. ಹೊಸದಾಗಿ ಬಂದವರು ಯೋಜನೆಯನ್ನು ಮಾತ್ರ ರದ್ದು ಮಾಡಲಿಲ್ಲ. ಅಷ್ಟರಲ್ಲಿ ಜನ ಅದನ್ನು ಎರಡು ವರ್ಷ ಬಳಸಿದ್ದರು.