31 ಅಡಿಯ ಸಂಸಾರ

ಹಾಯಿದೋಣಿಯ ಸಾಹಿತ್ಯವೆಂದರೆ ಹೆಚ್ಚಿನಂಶ ಒಂಟಿ ಗಂಡಸರ ಸಾಹಿತ್ಯ. 1895ರಿಂದ 1898ರ ನಡುವೆ ಒಬ್ಬನೇ ಭೂಮಿಗೆ ಸುತ್ತು ಹಾಕಿದ ಜೋಶುವಾ ಸ್ಲೋಕಮ್‌ನಿಂದ ಶುರುವಾದ ದಾರಿ ಅದು. ಕಡಲು, ಗಾಳಿ, ದೇವರು, ತಾನು. ಅಲ್ಲಿ ಇಷ್ಟೇ ಪಾತ್ರಗಳು. ಇದರ ಪಕ್ಕದಲ್ಲೇ ಸದ್ದಿಲ್ಲದೆ ಬೆಳೆದ ಇನ್ನೊಂದು ಕವಲಿದೆ. ಗಂಡ ಹೆಂಡತಿ ಮನೆ ಮಠ ಮಾರಿ, ದೋಣಿಯನ್ನೇ ಮನೆ ಮಾಡಿಕೊಂಡು ಹೊರಟ ಕಥೆಗಳು. ಇವನ್ನು ನಾವಿಕರು ಓದುತ್ತಾರೆ, ವಿಮರ್ಶಕರು ಅಷ್ಟಾಗಿ ಓದುವುದಿಲ್ಲ. ಹಗ್ಗ, ಹಾಯಿ, ಲಂಗರುಗಳ ವಿವರದ ನಡುವೆ ಒಂದು ದಾಂಪತ್ಯ ತನಗೇ ಗೊತ್ತಿಲ್ಲದೆ ಬಯಲಾಗುವುದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಪ್ರಕಾರ ಸಿಗುವುದು ಕಷ್ಟ.

ಇಂಥ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ: ಬರೆದವರು ಯಾರು? 1952ರಿಂದ 1955ರವರೆಗೆ 30 ಅಡಿಯ ವಾಂಡರರ್ ಥ್ರೀ ದೋಣಿಯಲ್ಲಿ ಲೋಕ ಸುತ್ತಿದವರು ಎರಿಕ್ ಮತ್ತು ಸೂಸನ್ ಹಿಸ್ಕಾಕ್ ಇಬ್ಬರೂ. ಬರೆದವನು ಎರಿಕ್. ಸೂಸನ್ ಅವನ ವಾಕ್ಯಗಳೊಳಗೆ ಓಡಾಡುವ ಸಮರ್ಥ ಜೊತೆಗಾತಿ. ಪಾರ್ಡಿ ದಂಪತಿಗಳದ್ದು ತಿರುವುಮುರುವು. 24 ಅಡಿಯ, ಎಂಜಿನ್ನೇ ಇಲ್ಲದ ಸೆರಾಫಿನ್ ಅನ್ನು ಕಟ್ಟಿದ ಕುಶಲಕರ್ಮಿ ಲಾರಿ, ಪುಸ್ತಕಗಳ ದನಿ ಬಹುಪಾಲು ಲಿನ್‌ಳದು. ದೋಣಿಯಲ್ಲಿ ಚುಕ್ಕಾಣಿಯನ್ನು ಪಾಳಿಯ ಮೇಲೆ ಹಿಡಿಯಬಹುದು, ಪೆನ್ನು ಮಾತ್ರ ಒಬ್ಬರ ಕೈಯಲ್ಲೇ ಉಳಿದುಬಿಡುತ್ತದೆ.

ಈ ರೂಢಿಯನ್ನು ಮುರಿದ ಪುಸ್ತಕ ಮಾರಿಸ್ ಮತ್ತು ಮರಾಲಿನ್ ಬೇಯ್ಲಿ ಜಂಟಿಯಾಗಿ ಬರೆದ '117 ಡೇಸ್ ಅಡ್ರಿಫ್ಟ್' (1974). ಅವರದೇ ಕಥೆಯನ್ನು ಇಬ್ಬರೂ ತೀರಿಕೊಂಡ ಮೇಲೆ ಸೋಫಿ ಎಲ್ಮ್‌ಹರ್ಸ್ಟ್ ಮತ್ತೆ ಬರೆದರು, 'ಮಾರಿಸ್ ಅಂಡ್ ಮರಾಲಿನ್' (2024). ಎರಡನೆಯದಕ್ಕೆ ಬ್ರಿಟನ್ನಿನ ನೀರೋ ಗೋಲ್ಡ್ ಪ್ರಶಸ್ತಿ ಬಂತು, ಎಲ್ಲೆಡೆ ಮೆಚ್ಚುಗೆ ಬಂತು. ಮೆಚ್ಚುಗೆಗೆ ಅರ್ಹವಾದ ಪುಸ್ತಕವೇ. ಆದರೆ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದರೆ ಹೊಸತು ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬ ಲೆಕ್ಕ ಅಷ್ಟು ಸರಳವಾಗಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ಡರ್ಬಿ ಊರಿನ ದಂಪತಿ. ಅವನದು ಮುದ್ರಣಾಲಯದಲ್ಲಿ ಕೆಲಸ, ಅವಳದು ತೆರಿಗೆ ಕಚೇರಿಯಲ್ಲಿ. ಮಕ್ಕಳು ಬೇಡವೆಂದು ನಿಶ್ಚಯಿಸಿದವರು. ಮನೆ ಮಾರಿ 31 ಅಡಿಯ ದೋಣಿ ಮಾಡಿಸಿಕೊಂಡರು. ಇಬ್ಬರ ಹೆಸರನ್ನೂ ಬೆಸೆದು ಅದಕ್ಕೆ ಆರಾಲಿನ್ ಎಂದು ಹೆಸರಿಟ್ಟರು. 1972ರಲ್ಲಿ ನ್ಯೂಜಿಲೆಂಡಿನತ್ತ ಹೊರಟರು. ಪನಾಮಾ ದಾಟಿ ಗಲಾಪಗೋಸ್ ದ್ವೀಪಗಳ ಕಡೆ ಸಾಗುವಾಗ, 1973ರ ಮಾರ್ಚ್ 4ರ ಬೆಳಗಿನ ಜಾವ, ತಿಮಿಂಗಿಲವೊಂದು ಬಡಿದು ದೋಣಿ ಒಡೆಯಿತು. ಒಂದು ತಾಸೂ ತೇಲಲಿಲ್ಲ. ಒಂದು ರಬ್ಬರ್ ತೆಪ್ಪ, ಅದಕ್ಕೆ ಕಟ್ಟಿದ ಪುಟ್ಟ ಡಿಂಗಿ, ಕೆಲವು ಡಬ್ಬಿ ಆಹಾರ, ಒಂದಷ್ಟು ನೀರು. ಮರಾಲಿನ್‌ಗೆ ಈಜು ಬರುತ್ತಿರಲಿಲ್ಲ. ರೇಡಿಯೊ ಟ್ರಾನ್ಸ್‌ಮಿಟರ್ ಇರಲಿಲ್ಲ, ಹೊರಗಿನವರ ಗೊಡವೆ ಬೇಡವೆಂದು ಮಾರಿಸ್ ಬೇಕೆಂದೇ ಅದನ್ನು ಇಟ್ಟುಕೊಂಡಿರಲಿಲ್ಲ. ಏಳು ಹಡಗುಗಳು ಕಾಣದೆ ಹಾದುಹೋದವು. ಜೂನ್ 30ರಂದು ದಕ್ಷಿಣ ಕೊರಿಯಾದ ವೊಲ್ಮಿ 306 ಎಂಬ ಮೀನುಗಾರಿಕೆ ಹಡಗು ಅವರನ್ನು ಎತ್ತಿಕೊಂಡಿತು.

ಮೂಲ ಪುಸ್ತಕದ ರಚನೆ ಸರಳ. ಒಂದಷ್ಟು ಪುಟ ಮಾರಿಸ್, ಒಂದಷ್ಟು ಪುಟ ಮರಾಲಿನ್. ಹೀಗೇ ಕೊನೆಯವರೆಗೆ. ಇಬ್ಬರೂ ವೃತ್ತಿ ಲೇಖಕರಲ್ಲ, ಗದ್ಯ ಒಣಗಿದ್ದು. ಆದರೆ ಒಣಗಿದ್ದೇ ಅದರ ಬಲ. ಮಾರಿಸ್ ಲೆಕ್ಕ ಹಾಕುತ್ತಾನೆ, ತಪ್ಪು ಹುಡುಕುತ್ತಾನೆ, ಬಹುಪಾಲು ತನ್ನದೇ ತಪ್ಪು. ಮರಾಲಿನ್ ಸೇಫ್ಟಿ ಪಿನ್ನು ಬಗ್ಗಿಸಿ ಗಾಳ ಮಾಡಿದ್ದನ್ನು ಹೇಳುತ್ತಾಳೆ, ಆಮೆ ಕೊಯ್ದದ್ದನ್ನು ಹೇಳುತ್ತಾಳೆ, ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಒಂದೇ ತೆಪ್ಪದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಎರಡು ಬೇರೆ ಬೇರೆ ಸಮುದ್ರದಲ್ಲಿದ್ದಂತೆ ಬರೆಯುತ್ತಾರೆ. ಒಬ್ಬರ ಭಾಗ ಮುಗಿದು ಇನ್ನೊಬ್ಬರದು ಶುರುವಾಗುವ ಕಡೆ ಒಂದು ಸಣ್ಣ ಬಿರುಕು ಉಳಿಯುತ್ತದೆ. ನನ್ನ ಮಟ್ಟಿಗೆ ಆ ದಾಂಪತ್ಯ ಇರುವುದು ಆ ಬಿರುಕಿನಲ್ಲಿ. ಅದನ್ನು ಅವರಿಬ್ಬರೂ ವಿವರಿಸುವುದಿಲ್ಲ. ವಿವರಿಸಬೇಕೆಂದು ಅವರಿಗೆ ತೋಚಿದಂತೆಯೂ ಇಲ್ಲ.

ಎಲ್ಮ್‌ಹರ್ಸ್ಟ್ ಮಾಡಿದ್ದು ಆ ಬಿರುಕನ್ನು ತುಂಬುವ ಕೆಲಸ. ಅವರು ಪತ್ರಕರ್ತೆ, ಸಣ್ಣ ವಾಕ್ಯಗಳಲ್ಲಿ ಬರೆಯುತ್ತಾರೆ, ಕಾದಂಬರಿಕಾರರಂತೆ ಪಾತ್ರದ ಮನಸ್ಸಿನೊಳಗೆ ಹೋಗಿ ಹೊರಬರುತ್ತಾರೆ. ಅದರಿಂದ ದೊಡ್ಡ ಲಾಭವೂ ಇದೆ. ಮೂಲದಲ್ಲಿ ತೀರಾ ಕಡಿಮೆ ಇದ್ದ ನೆಲದ ಬದುಕು ಇಲ್ಲಿ ತುಂಬಿಕೊಂಡು ಬರುತ್ತದೆ: ಮಾರಿಸ್‌ನ ಸಂಕೋಚ, ತನ್ನ ಮೇಲೇ ತನಗಿದ್ದ ಅಪನಂಬಿಕೆ, ಜನರೆಂದರೆ ದೂರ ಸರಿಯುವ ಸ್ವಭಾವ. ಅವನಿಗಿಂತ ಚಿಕ್ಕವಳಾದ, ಅಳುಕಿಲ್ಲದ ಮರಾಲಿನ್. ಮನೆ ಮಾರಿ ದೋಣಿ ಕೊಳ್ಳೋಣ ಎಂದು ಮೊದಲು ಹೇಳಿದವಳು ಅವಳು ಎಂಬ ಸಂಗತಿಗೆ ಎಲ್ಮ್‌ಹರ್ಸ್ಟ್ ಕೊಡುವ ತೂಕ ಸರಿಯಾದದ್ದು. ಇದನ್ನು ಮರೆತರೆ ಇಡೀ ಕಥೆ ಅಡ್ಡದಾರಿ ಹಿಡಿಯುತ್ತದೆ.

ಈ ಅಡ್ಡದಾರಿಯ ಮಾತನ್ನು ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕು. ಕನ್ನಡದ ಮನಸ್ಸು ಮರಾಲಿನ್‌ಳನ್ನು ಕಂಡಕೂಡಲೇ ಅವಳ ಕೈಗೆ ಸಾವಿತ್ರಿಯ ಪಾತ್ರ ಕೊಟ್ಟುಬಿಡುತ್ತದೆ. ಸಾವಿನ ಬಾಯಿಯಿಂದ ಗಂಡನನ್ನು ಎಳೆದು ತಂದವಳು. ಮಾರಿಸ್ ತಾನೇ ಬದುಕುಳಿದ ಶ್ರೇಯವನ್ನೆಲ್ಲ ಅವಳಿಗೆ ಕೊಟ್ಟಿದ್ದಾನೆ, ಹಾಗಾಗಿ ಈ ಓದಿಗೆ ಆಧಾರವೂ ಸಿಗುತ್ತದೆ. ಇಂಗ್ಲಿಷ್ ವಿಮರ್ಶೆಗಳೂ ಬೇರೆ ಹೆಸರಿನಲ್ಲಿ ಇದನ್ನೇ ಮಾಡಿವೆ, ಗಟ್ಟಿಗಿತ್ತಿ ಹೆಂಡತಿ, ಕುಗ್ಗಿದ ಗಂಡ. ಎಲ್ಮ್‌ಹರ್ಸ್ಟ್ ಕೂಡ ಆ ಕಡೆಗೆ ಒಂದು ಹೆಜ್ಜೆ ಹೆಚ್ಚೇ ವಾಲಿದ್ದಾರೆ ಎಂದು ನನಗನ್ನಿಸುತ್ತದೆ. ಮರಾಲಿನ್ ತೆಪ್ಪದಲ್ಲಿ ಕೂತು ಕಾಗದದ ಮೇಲೆ ಮುಂದಿನ ದೋಣಿಯ ನಕಾಶೆ ಹಾಕುತ್ತಿದ್ದಳು. ಯಾವ ಕಪಾಟು ಎಲ್ಲಿ, ಊಟಕ್ಕೆ ಏನೇನು ಎಂದು ಪಟ್ಟಿ ಮಾಡುತ್ತಿದ್ದಳು. ಕಾಗದ ಕತ್ತರಿಸಿ ಇಸ್ಪೀಟು ಎಲೆ ಮಾಡಿದಳು. ಇದನ್ನೆಲ್ಲ ಗಂಡನ ಮನಸ್ಸು ಎತ್ತಲು ಹೂಡಿದ ಉಪಾಯ ಎಂದು ಓದುವುದು ಸುಲಭ. ಆದರೆ ಆ ದೋಣಿ ಅವಳಿಗೇ ಬೇಕಿತ್ತು! ಪಾರಾಗಿ ಬಂದ ಮೇಲೆ ಅವರು ನಿಜಕ್ಕೂ ಎರಡನೆಯ ಆರಾಲಿನ್ ಮಾಡಿಸಿ ಪೆಟಗೋನಿಯಾದತ್ತ ಹೋದರು. ತಪಸ್ಸು ಮಾಡಿದವಳ ನಡೆ ಅದಲ್ಲ. ಅದು ಆಸೆಯಿದ್ದವಳ ನಡೆ. ಹೆಂಗಸಿನ ಆಸೆಯನ್ನು ತ್ಯಾಗವೆಂದು ಕರೆದು ಗೌರವಿಸುವುದು ನಮಗೆಲ್ಲ ರೂಢಿಯಾಗಿದೆ. ಮರಾಲಿನ್‌ಳ ಒಣ ಪುಟಗಳು ಆ ಗೌರವವನ್ನು ಒಪ್ಪಿಕೊಳ್ಳುವುದಿಲ್ಲ.

ರೇಡಿಯೊ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಇದನ್ನು ಮಾರಿಸ್‌ನ ಹಟವೆಂದು ದಾಟಿ ಹೋಗುತ್ತಾರೆ. ನನಗೆ ಇಡೀ ಕಥೆಯ ಕೀಲು ಅದೇ ಅನ್ನಿಸಿತು. ಮುಂಬೈಯ ಕನ್ನಡ ಕಥೆಗಳನ್ನು ನೆನೆಯಿರಿ, ಬಲ್ಲಾಳರಿಂದ ಕಾಯ್ಕಿಣಿಯವರವರೆಗೆ. ಒಂದೇ ಖೋಲಿಯ ಸಂಸಾರ ನಮಗೆ ಹೊಸದಲ್ಲ. 31 ಅಡಿಯೊಳಗೆ ಅಡುಗೆ, ಹಾಸಿಗೆ, ಮುನಿಸು, ರಾಜಿ ಎಲ್ಲವನ್ನೂ ಹೊಂದಿಸುವ ವಿದ್ಯೆ ಚಾಳಿನಲ್ಲಿ ಬಾಳಿದವರಿಗೆ ಯಾವ ಆಂಗ್ಲ ದಂಪತಿಯೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಖೋಲಿಯ ಸಂಕಟವೆಂದರೆ ಮೂರನೆಯವರು: ಪರದೆಯಾಚೆ ಮಲಗಿದ ಅತ್ತೆ, ಊರಿಂದ ಕೆಲಸ ಹುಡುಕಿಕೊಂಡು ಬಂದ ಮೈದುನ, ಸಾಮಾನ್ಯ ಪ್ಯಾಸೇಜಿನಲ್ಲಿ ಕಿವಿ ತೆರೆದ ನೆರೆ. ಗಂಡ ಹೆಂಡತಿ ಮಾತಾಡಲು ಚೌಪಾಟಿಗೆ ಹೋಗಬೇಕು. ಮಾರಿಸ್ ಕೊಂಡದ್ದು ಇದರ ತದ್ವಿರುದ್ಧವನ್ನು. ಮೂರನೆಯವರೇ ಇಲ್ಲದ ಖೋಲಿ. ರೇಡಿಯೊ ಇಲ್ಲವೆಂದರೆ ಪ್ಯಾಸೇಜು ಇಲ್ಲ. ಏಕಾಂತದ ಬೆಲೆ ಏನು ಎಂದು ನಮ್ಮ ಕಥೆಗಳು ಕೇಳಿದವು. ಅದು ಪೂರ್ತಿಯಾಗಿ ಸಿಕ್ಕಿಬಿಟ್ಟರೆ ಏನಾದೀತು ಎಂದು ಕೇಳುವ ಪ್ರಸಂಗ ಅವುಗಳಿಗೆ ಬರಲೇ ಇಲ್ಲ. ಈ ಪುಸ್ತಕಗಳು ಕೇಳುತ್ತವೆ. ಏಳು ಹಡಗು ಹಾದುಹೋಗುವುದನ್ನು ನೋಡುತ್ತ ಕೂತವನ ಮನಸ್ಸಿನಲ್ಲಿ ಆ ಹಳೆಯ ನಿರ್ಧಾರ ಏನಾಗಿರಬೇಕು? ಮೂಲ ಪುಸ್ತಕದಲ್ಲಿ ಇದಕ್ಕೆ ಇಬ್ಬರ ಜಗಳವಿಲ್ಲ. ಮರಾಲಿನ್ ದೂರಿದಂತೆ ಕಾಣುವುದಿಲ್ಲ. ನಿಜಕ್ಕೂ ದೂರಲಿಲ್ಲವೋ, ಬರೆಯಲಿಲ್ಲವೋ? ಈ ಎರಡರ ನಡುವೆ ಓದುಗ ತೂಗಾಡಬೇಕು. ಎಲ್ಮ್‌ಹರ್ಸ್ಟ್ ನಮ್ಮನ್ನು ಅಷ್ಟು ಹೊತ್ತು ತೂಗಾಡಲು ಬಿಡುವುದಿಲ್ಲ.

ಎರಡು ಸಣ್ಣ ವಿವರಗಳು. ದೋಣಿಯಿಂದ ಉಳಿಸಿಕೊಂಡ ಸಾಮಾನುಗಳಲ್ಲಿ ಪುಸ್ತಕಗಳೂ ಇದ್ದವು, ಮೂರನೆಯ ರಿಚರ್ಡ್ ದೊರೆಯ ಜೀವನಚರಿತ್ರೆ ಮತ್ತು ಎರಿಕ್ ಹಿಸ್ಕಾಕ್‌ನ ನೌಕಾಯಾನದ ಕೈಪಿಡಿ. ದೋಣಿ ಕಳೆದುಕೊಂಡ ಜೋಡಿ, ದೋಣಿಯಲ್ಲೇ ಬಾಳಿದ ಇನ್ನೊಂದು ಜೋಡಿಯ ಪುಸ್ತಕವನ್ನು ಉಪ್ಪುನೀರಿನಲ್ಲಿ ಕೂತು ಓದುತ್ತಿದೆ. ಇನ್ನೊಂದು: ಗಲಾಪಗೋಸ್ ಕಡೆ ಎಳೆಯಲೆಂದು ಕಡಲಾಮೆಯೊಂದನ್ನು ತೆಪ್ಪಕ್ಕೆ ಕಟ್ಟಿದರು. ಅದು ಸರಿಯಾದ ದಿಕ್ಕಿಗೇ ಎಳೆಯಿತು. ಹುರುಪಿನಲ್ಲಿ ಎರಡನೆಯದನ್ನು ಕಟ್ಟಿದರೆ ಅದು ಬೇರೆ ದಿಕ್ಕಿಗೆ ಎಳೆಯಿತು. ದಾಂಪತ್ಯಕ್ಕೆ ಇದಕ್ಕಿಂತ ಚಂದದ ರೂಪಕ ಬೇಕೇ ಎಂದು ಕೈ ತುರಿಸುತ್ತದೆ. ಬೇಯ್ಲಿ ದಂಪತಿಗೆ ಅದು ಆಮೆ, ಅಷ್ಟೇ. ಆಮೆಯನ್ನು ಆಮೆಯಾಗಿಯೇ ಬಿಡುವ ಬರಹಗಾರರು ಈಗ ಅಪರೂಪ.

ಅಮೆರಿಕದಲ್ಲಿ ಎಲ್ಮ್‌ಹರ್ಸ್ಟ್ ಪುಸ್ತಕದ ಹೆಸರು ಬದಲಾಯಿತು, 'ಎ ಮ್ಯಾರೇಜ್ ಅಟ್ ಸೀ' ಎಂದಾಯಿತು. ಎರಡು ಹೆಸರುಗಳು ಹೋಗಿ ಒಂದು ಸಂಸ್ಥೆ ಬಂದು ಕೂತಂತೆ. ಬ್ರಿಟಿಷ್ ಹೆಸರೇ ವಾಸಿ. ಅಲ್ಲಿ ಎರಡು ಹೆಸರಿನ ನಡುವೆ 'ಮತ್ತು' ಎಂಬ ಪದವಾದರೂ ಉಳಿದಿದೆ.

ಇಷ್ಟೆಲ್ಲ ತಕರಾರು ಎತ್ತಿದ ಮೇಲೂ ಹೊಸ ಪುಸ್ತಕದ ಒಂದು ಭಾಗದ ಮುಂದೆ ನಾನು ಸುಮ್ಮನಾಗುತ್ತೇನೆ. ಮರಾಲಿನ್ 2002ರಲ್ಲಿ ತೀರಿಕೊಂಡಳು, ಮಾರಿಸ್ ಆಮೇಲೆ ಬಹಳ ವರ್ಷ ಒಬ್ಬನೇ ಬದುಕಿದ. ಮೂಲ ಪುಸ್ತಕಕ್ಕೆ ಈ ಭಾಗ ಸಿಗುವಂತೆಯೇ ಇರಲಿಲ್ಲ, ಅದು 1974ಕ್ಕೇ ಮುಗಿದುಹೋಗಿದೆ. ಇಲ್ಲಿ ಎಲ್ಮ್‌ಹರ್ಸ್ಟ್ ಅವರ ಏಕದನಿಯ ನಿರೂಪಣೆ ಒಮ್ಮೆಲೇ ತನ್ನ ಜಾಗ ಕಂಡುಕೊಳ್ಳುತ್ತದೆ. ತುಂಬಲು ಬಿರುಕಿಲ್ಲ, ಉತ್ತರ ಕೊಡುವ ಇನ್ನೊಬ್ಬರಿಲ್ಲ. ಹೊರಗಿನವರ ಗೊಡವೆ ಬೇಡವೆಂದಿದ್ದ ಮನುಷ್ಯ ಅವಳ ಬಗ್ಗೆ ಹೇಳಿಕೊಳ್ಳಲು ಹೊರಗಿನವರನ್ನೇ ಹುಡುಕಬೇಕಾಗುತ್ತದೆ. ಪುಸ್ತಕವನ್ನು ಅರ್ಧಕ್ಕೆ ಮುಚ್ಚಿಟ್ಟವರು ದಯವಿಟ್ಟು ಆ ಪುಟಗಳಿಂದ ಮತ್ತೆ ಶುರು ಮಾಡಿ, ಆಮೇಲೆ ಹಳೆಯ ಪುಸ್ತಕ ಸಿಕ್ಕರೆ ಮರಾಲಿನ್‌ಳ ಭಾಗಗಳನ್ನಷ್ಟೇ ಒಂದರ ಹಿಂದೆ ಒಂದು ಓದಿ ನೋಡಿ.