ಒಂಬತ್ತು ಸಾವಿರನೇ ಬಾಗಿಲು

ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೂರು ದಿನದಿಂದ ಒಂದು ಕನ್ನಡ ನಿಘಂಟು ಓಡುತ್ತಿದೆ. ‘ಇದೆ’ ಎಂದರೆ ಸಾಲದು. ಇರುವ ನಿಘಂಟುಗಳು ಕಪಾಟಿನಲ್ಲಿವೆ: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂದ ಕಿಟ್ಟೆಲರ ಕೋಶದ ಮರುಮುದ್ರಣ, ಪಕ್ಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು, ಬೆನ್ನು ಹರಿದಾಗ ಅಮ್ಮ ಖಾಕಿ ಕಾಗದ ಹೊದಿಸಿದ್ದು. ಇದು ಮಾತ್ರ ಓಡುತ್ತದೆ. ಕೇಳಿದರೆ ಉತ್ತರ ಕೊಡುತ್ತದೆ, ಕೇಳದಿದ್ದಾಗ ಸದ್ದಿಲ್ಲದೆ ಕಾಯುತ್ತದೆ. ಕೋಣೆಯ ಮೂಲೆಯಲ್ಲಿ ಅಮ್ಮನ ವೀಣೆ, ಕಿಟಕಿಯ ಹತ್ತಿರ ನನ್ನ ಲ್ಯಾಪ್‌ಟಾಪ್, ಅದರೊಳಗೆ ಒಂದೂವರೆ ಲಕ್ಷ ಕನ್ನಡ ಪದ.

ಆ ಪದಗಳು ವಿ. ಕೃಷ್ಣ ಅವರವು. ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. 1,50,000ಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ. 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಅದು ಅಂತರಜಾಲಕ್ಕೆ ಬಂತು. ಅಲರ್ ಎಂದರೆ ಹೂ, ಅರಳುವುದೂ ಹೌದು. ಬಂದದ್ದು ಬರಿಯ ಓದಿಗಲ್ಲ, ಇಡೀ ದತ್ತಾಂಶವನ್ನೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದನ್ನು ಓಡಿಸುವ ತಂತ್ರಾಂಶದ ಹೆಸರು ಡಿಕ್ಟ್‌ಪ್ರೆಸ್; ಮಲಯಾಳದ ‘ಓಳಂ’ ನಿಘಂಟನ್ನು ಕಟ್ಟಿದ ಕೈಲಾಶ್ ನಾಧ್ ಅವರ ಕೆಲಸ, ಅದೂ ಮುಕ್ತ. ಪದವೂ ಮುಕ್ತ, ಪದವನ್ನು ಹುಡುಕಿಕೊಡುವ ಯಂತ್ರವೂ ಮುಕ್ತ. ಇವೆರಡನ್ನು ಮನೆಗೆ ತಂದು ನನ್ನ ಕೈಯಾರೆ ಜೋಡಿಸಿ ನೋಡಬೇಕೆಂಬ ಆಸೆ ಬಹಳ ದಿನದ್ದು.

ಜಾಲತಾಣದಲ್ಲಿ ಆರಾಮಾಗಿ ಸಿಗುವುದನ್ನು ಮನೆಯಲ್ಲಿ ಮತ್ತೆ ಯಾಕೆ ಕಟ್ಟಬೇಕು ಎಂದು ಗೆಳೆಯರು ಕೇಳುತ್ತಾರೆ. ಕಚೇರಿಯಲ್ಲಿ ದಿನವೂ ಮಾಡುವವರಿಗೆ ಇದು ತಂತ್ರಾಂಶವನ್ನು ತಮ್ಮದೇ ಯಂತ್ರದಲ್ಲಿ, ಅಂದರೆ ಲೋಕಲ್‌ನಲ್ಲಿ ರನ್ ಮಾಡುವ ಬೇಸರದ ಬೆಳಗು. ಬೇಗ ಮುಗಿಸಿ ನಿಜವಾದ ಕೆಲಸಕ್ಕೆ ಹೋಗಬೇಕು ಎನ್ನುವ ಅವಸರ. ನನಗೆ ಆ ಬೆಳಗೇ ಹಬ್ಬ. ಹೋಳಿಗೆ ತಿನ್ನುವುದು ಒಂದು ಸುಖ, ಹೂರಣ ರುಬ್ಬುವ ಅಡುಗೆಮನೆಯಲ್ಲಿ ನಿಂತಿರುವುದು ಇನ್ನೊಂದು.

ಮೊದಲ ಹೆಜ್ಜೆ ಗಿಟ್ ಕ್ಲೋನ್, ಅಂದರೆ ತಂತ್ರಾಂಶದ ಇಡೀ ಪ್ರತಿಯನ್ನು ಮನೆಗೆ ಇಳಿಸಿಕೊಳ್ಳುವುದು. ಹೆಸರು ಹೊಸದು, ಕೆಲಸ ಈ ಊರಿಗೆ ಹೊಸದಲ್ಲ. 1891ರಲ್ಲಿ ಶುರುವಾದ ನಮ್ಮ ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗರಿಗಳ ರಾಶಿಯೇ ಇದೆ. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಆ ಗ್ರಂಥಗಳು ನಮ್ಮ ತನಕ ಬಂದದ್ದು ಯಾರೋ ಯಾರದೋ ಮನೆಯಲ್ಲಿ ಕೂತು ಪ್ರತಿ ಮಾಡಿಕೊಂಡದ್ದರಿಂದ. ಓಲೆಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿ ಬರೆದಿಡುತ್ತಿದ್ದುದುಂಟು. ಗಿಟ್ ತರುವ ಪ್ರತಿಯಲ್ಲೂ ಅದಿದೆ. ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ತಿದ್ದಿದರು ಎಂಬ ಚರಿತ್ರೆಯೆಲ್ಲ ಜೊತೆಗೇ ಇಳಿದುಬರುತ್ತದೆ. ಅದನ್ನು ಹಿಂದಕ್ಕೆ, ಹಿಂದಕ್ಕೆ ಓದುತ್ತಾ ಹೋಗುವುದು ನನಗೆ ಇಷ್ಟ.

ನಾನು ಇಳಿಸಿಕೊಂಡ ಆವೃತ್ತಿಯನ್ನು ಬರೆದದ್ದು ಗೋ ಭಾಷೆಯಲ್ಲಿ. ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಗೋ ಭಾಷೆಯನ್ನು ರೂಪಿಸಿದ ಮೂವರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇಬ್ಬರು. ಇವರೇ 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗಿನ ಕಾಗದದ ಮೇಲೆ ಯುಟಿಎಫ್-8 ಕಟ್ಟಳೆಯನ್ನು ಬರೆದವರು. ಲೋಕದ ಲಿಪಿಗಳೆಲ್ಲ ಒಂದೇ ಕಡತದಲ್ಲಿ ಜಗಳವಿಲ್ಲದೆ ಕೂರುವ ಏರ್ಪಾಡು ಅದು. ಕನ್ನಡದ ಒಂದೊಂದು ಚಿಹ್ನೆಗೂ ಅದರಲ್ಲಿ ಮೂರು ಬೈಟು. ‘ಮೈಸೂರು’ ಎಂದು ಬರೆದರೆ ಕಣ್ಣಿಗೆ ಮೂರೇ ಅಕ್ಷರ. ಯಂತ್ರಕ್ಕೆ ಅದು ಮ, ಐತ್ವ, ಸ, ಊತ್ವ, ರ, ಉತ್ವ ಎಂಬ ಆರು ಚಿಹ್ನೆ, ಒಟ್ಟು 18 ಬೈಟು. ಶಾಲೆಯಲ್ಲಿ ಮೇಷ್ಟ್ರು ಕಾಗುಣಿತ ಬಿಡಿಸಿ ಹೇಳಿಸುತ್ತಿದ್ದದ್ದೂ ಹೀಗೆಯೇ ಅಲ್ಲವೆ? ಎಲ್ಲೋ ದೂರದ ಇಬ್ಬರು ಊಟದ ನಡುವೆ ಬರೆದ ಲೆಕ್ಕದೊಳಗೆ ನಮ್ಮ ಗುಣಿತಾಕ್ಷರ ಇಷ್ಟು ನೆಟ್ಟಗೆ ಕೂತಿರುವುದನ್ನು ಕಂಡು ನನಗೆ ಪ್ರತಿ ಸಲವೂ ಮನಸ್ಸು ತುಂಬುತ್ತದೆ.

ಪದಗಳಿಗೆ ಮನೆ ಬೇಕು. ಅದಕ್ಕೆ ಪೋಸ್ಟ್‌ಗ್ರೆಸ್, ಬರ್ಕ್‌ಲಿಯಲ್ಲಿ 1986ರಲ್ಲಿ ಶುರುವಾದ ಡೇಟಾಬೇಸ್. ಹೊಸ ಬಳಕೆದಾರನ ಹೆಸರು ಕೊಟ್ಟು ಒಳಗೆ ಹೋಗಲು ನೋಡಿದೆ, ‘ಪೀರ್ ಅಥೆಂಟಿಕೇಶನ್ ಫೇಲ್ಡ್’ ಎಂದು ತಡೆಯಿತು. ಅರ್ಧ ಗಂಟೆ ಅದೇ ಆಯಿತು. ಆಮೇಲೆ ತಿಳಿಯಿತು, ಒಳಬಾಗಿಲಿನಿಂದ ಬರುವವರ ಗುಪ್ತಪದವನ್ನು ಅದು ಕೇಳುವುದೇ ಇಲ್ಲ. ಈ ಯಂತ್ರದಲ್ಲಿ ನೀನು ಯಾವ ಹೆಸರಿನವನು ಎಂದಷ್ಟೇ ನೋಡುತ್ತದೆ, ಹೆಸರು ತಾಳೆಯಾಗದಿದ್ದರೆ ಇಲ್ಲ. ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು ಮುಂಬಾಗಿಲಿಗೆ ಬಂದೆ. ಗುಪ್ತಪದ ಕೇಳಿತು, ಕೊಟ್ಟೆ, ತೆರೆಯಿತು. ತಪ್ಪು ತೋರಿಸುವ ಆ ಒಂದು ಸಾಲನ್ನು ಸಮಾಧಾನದಿಂದ ಓದಿದರೆ ಅದರಲ್ಲೇ ಮನೆಯ ನಕ್ಷೆ ಇರುತ್ತದೆ.

ಒಳಗೆ ಹೋದರೆ ಎರಡು ಮುಖ್ಯ ಪಟ್ಟಿಗಳು. ಒಂದರಲ್ಲಿ ನಮೂದುಗಳು, ಇನ್ನೊಂದರಲ್ಲಿ ಸಂಬಂಧಗಳು. ಕನ್ನಡದ ಪದವೂ ಅದರ ಇಂಗ್ಲಿಷ್ ಅರ್ಥವೂ ಒಂದೇ ಪಟ್ಟಿಯಲ್ಲಿ ಸಮಸಮನಾಗಿ ಕೂತಿವೆ. ಇದು ಪದ, ಇದು ಅರ್ಥ ಎಂಬ ಮೇಲು–ಕೀಳು ಇಲ್ಲ. ಯಾವುದು ಯಾವುದರ ಅರ್ಥ ಎಂಬುದನ್ನು ಎರಡನೆಯ ಪಟ್ಟಿ ಹೇಳುತ್ತದೆ: ಇಲ್ಲಿಂದ ಅಲ್ಲಿಗೆ ಎಂಬ ಒಂದು ಎಳೆ, ಅಷ್ಟೆ. ಒಳ್ಳೆಯ ನಿಘಂಟುಕಾರರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದೂ ಇಂಥದೇ ಚಿತ್ರ ಇರಬೇಕು. ಅಲರ್‌ನ ದತ್ತಾಂಶವನ್ನು ಈ ಪಟ್ಟಿಗಳಿಗೆ ಒಗ್ಗಿಸಲು ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದೆ. ಅದರಿಂದ ಸಿದ್ಧವಾದ ಕಡತದಲ್ಲಿ ಸಾಲಿನ ಮೊದಲಲ್ಲಿ ಅಡ್ಡಗೆರೆ ಇದ್ದರೆ ಅದು ಪದ; ಮೇಲಕ್ಕೆ ಬೊಟ್ಟು ಮಾಡುವ ಚಿಹ್ನೆ ಇದ್ದರೆ ಮೇಲಿನ ಪದದ ಅರ್ಥ. ಆ ಕಡತವನ್ನು ತೆರೆದು ಸುಮ್ಮನೆ ಕೆಳಕ್ಕೆ ಸರಿಸುತ್ತಾ ಕೂತೆ. ಅಕಾರದಿಂದ ಶುರುವಾಗಿ ಪದಗಳು ಹರಿದವು, ನಡುನಡುವೆ ನಿಂತು ಒಂದೊಂದನ್ನು ಬಾಯಲ್ಲಿ ಹೇಳಿಕೊಂಡೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸು ಗೆದ್ದದ್ದು ಹುಡುಕಾಟದ ಕೀಲಿ. ಕನ್ನಡಕ್ಕೆಂದೇ ನಾಧ್ ಅವರು ಬರೆದ ಒಂದು ಪುಟ್ಟ ಕ್ರಮವಿಧಿ ಇದೆ, ಕೆಎನ್‌ಫೋನ್. ಅದು ಪ್ರತಿ ಪದವನ್ನೂ ಕಿವಿಯಿಂದ ಕೇಳಿ ಮೂರು ಗುರುತು ಬರೆದಿಡುತ್ತದೆ. ಮೂರನೆಯದು ಬಿಗಿ, ಸ್ವರಚಿಹ್ನೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಎರಡನೆಯದು ಸ್ವಲ್ಪ ಸಡಿಲ. ಮೊದಲನೆಯದು ಬಲು ಉದಾರಿ: ಅದಕ್ಕೆ ಕ–ಖ ಒಂದೇ, ಲ–ಳ ಒಂದೇ, ನ–ಣ ಒಂದೇ, ಸ–ಶ ಒಂದೇ, ಕೊಂಬು, ದೀರ್ಘ ಯಾವುದೂ ಬೇಡ. ‘ಕೋಲಿ’ ಎಂದು ಹೊಡೆದರೂ ಕೋಳಿ ಬರುತ್ತದೆ.

ತಿ. ನರಸೀಪುರದ ಕಡೆಯ ನನ್ನ ಅಜ್ಜಿ ಒಂದು ದಿನವೂ ‘ಶಾಂತಿ’ ಎಂದವರಲ್ಲ. ಅವರಿಗೆ ಅದು ಸಾಂತಿ. ಶಿವ ಸಿವ, ಶನಿವಾರ ಸನ್ವಾರ. ಹಾಗೆ ಅಂದದ್ದಕ್ಕೆ ಓದಿದವರ ಮುಂದೆ ಅವರು ನಾಚಿಕೊಂಡದ್ದನ್ನು ನಾನು ಕಂಡಿದ್ದೇನೆ. ನನ್ನ ಕೋಣೆಯ ನಿಘಂಟಿಗೆ ನಾನು ಹೊಡೆದ ಮೊದಲ ಪದ ಅದೇ, ಸಾಂತಿ, ಅಜ್ಜಿ ಹೇಳುತ್ತಿದ್ದ ಹಾಗೆಯೇ. ಬಂದ ಪದಗಳ ಸಾಲಿನಲ್ಲಿ ಸಂತೆಯೂ ಇತ್ತು, ಶಾಂತಿಯೂ ಇತ್ತು. ನಾನು ಸ್ವಲ್ಪ ಹೊತ್ತು ಮುಂದಿನ ಪದ ಹೊಡೆಯಲಿಲ್ಲ.

ಅದಕ್ಕೂ ಮುಂಚಿನ ಗಳಿಗೆಯನ್ನು ಹೇಳಲು ಮರೆತೆ. ಟರ್ಮಿನಲ್‌ನಲ್ಲಿ ಆಜ್ಞೆ ಕೊಟ್ಟು ಎಂಟರ್ ಒತ್ತಿದಾಗ ಒಂದು ಸಾಲು ಮೂಡಿ ಹಾಗೇ ನಿಲ್ಲುತ್ತದೆ. ಹೊಸಬರಿಗೆ ಕೆಟ್ಟುನಿಂತಿತೇನೋ ಅನ್ನಿಸುತ್ತದೆ. ಅದು ನಿಂತದ್ದಲ್ಲ, ಪೋರ್ಟ್ 9000ರ ಬಾಗಿಲು ತೆರೆದು ಕಿವಿಗೊಟ್ಟದ್ದು. ಬ್ರೌಸರಿನಲ್ಲಿ 127.0.0.1 ಎಂದು ಬರೆದು ಆ ಬಾಗಿಲ ಸಂಖ್ಯೆ ಸೇರಿಸಿದರೆ ಮಾತು ಹೊರಗೆ ಎಲ್ಲಿಗೂ ಹೋಗುವುದಿಲ್ಲ. ಯಂತ್ರ ತನ್ನನ್ನೇ ಕೇಳಿ ತಾನೇ ಉತ್ತರಿಸುತ್ತದೆ. ಹೀಗೆ ತನ್ನೊಳಗೆ ತಾನು ಮಾತಾಡಿಕೊಳ್ಳಲೆಂದು 127ರಿಂದ ಶುರುವಾಗುವ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳನ್ನು ತೆಗೆದಿಟ್ಟಿದ್ದಾರೆ. ನಾವೆಲ್ಲ ಬಳಸುವುದು ಹೆಚ್ಚಾಗಿ ಅವುಗಳಲ್ಲಿ ಒಂದನ್ನು.

ನಿನ್ನೆ ಸಂಜೆ ಮಳೆ ಬಂತು, ಕರೆಂಟು ಹೋಯಿತು. ವೈಫೈ ಪೆಟ್ಟಿಗೆಯ ದೀಪ ಆರಿತು. ಅಮ್ಮ ಮೇಣದ ಬತ್ತಿ ಹಿಡಿದು ಕೋಣೆಗೆ ಬಂದರು.

“ಇನ್ನೇನು, ಮುಚ್ಚಿಡಪ್ಪ. ನೆಟ್ಟೂ ಹೋಯ್ತಲ್ಲ.”

“ಇದಕ್ಕೆ ನೆಟ್ ಬೇಡಮ್ಮ. ನಿಘಂಟು ಇಲ್ಲೇ ಒಳಗಿದೆ. ಒಂದು ಪದ ಹೇಳು.”

ಅಮ್ಮ ಬತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸುತ್ತ ನೋಡಿದರು. ಮೂಲೆಯ ವೀಣೆಯ ಮೇಲಿನ ಮಾಸಿದ ಹಸಿರು ಬಟ್ಟೆಯ ಮೇಲೆ ಅವರ ಕಣ್ಣು ನಿಂತಿತು.

“ಗವಸಣಿಗೆ ಇದೆಯಾ ನೋಡು. ನಮ್ಮ ವೀಣೆ ಮೇಷ್ಟ್ರು ಅನ್ನೋರು. ಅವರು ಹೋದ್ಮೇಲೆ ಯಾರ ಬಾಯಲ್ಲೂ ಕೇಳಿಲ್ಲ.”

ಹೊಡೆದೆ. ಇತ್ತು. ಹೊದಿಕೆ, ವಸ್ತುವನ್ನು ಕಾಪಾಡಲು ಹಾಕುವ ಬಟ್ಟೆಯ ಚೀಲ ಎಂಬ ಅರ್ಥ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, “ಇನ್ನೊಂದು ಹೇಳ್ತೀನಿ ಇರು” ಎಂದರು.