ಹಗೂರದ ಕೋವಿ

ನಾವುಂದದ ನಮ್ಮ ಹಳೆಮನೆಯ ಚಾವಡಿಯಲ್ಲಿ, ಪಂಚಾಂಗ ತೂಗುವ ಮೊಳೆಯ ಮೇಲುಗಡೆ, ಒಂಟಿ ನಳಿಗೆಯ ಕೇಪಿನ ಕೋವಿಯೊಂದಿತ್ತು. ಲೈಸೆನ್ಸ್ ಪುಸ್ತಕದಲ್ಲಿ ಅದರ ಹೆಸರು ಎಸ್‌ಬಿಎಂಎಲ್. ಕೆಲಸ ಬೆಳೆ ರಕ್ಷಣೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತು ಬರುತ್ತಿತ್ತು. ಆಯುಧಪೂಜೆಗೆ ಕತ್ತಿ, ಹಾರೆಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗುತ್ತಿತ್ತು. ಮಸಿ ತುಂಬಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸುವಷ್ಟರಲ್ಲಿ ತೆಂಗಿನ ಮರದ ಮಂಗ ಹಿತ್ತಿಲು ದಾಟಿರುತ್ತಿತ್ತು ಅನ್ನಿ.

ಅದನ್ನು ಎತ್ತಲಾರದೆ ನಾನು ಮುಖ ಕೆಂಪಗೆ ಮಾಡಿಕೊಂಡಾಗ ಅಜ್ಜಯ್ಯ ಹೇಳಿದ್ದರು: “ಮಾಣಿ, ಹಗೂರದ್ ಕೋವಿ ಹೊರೂಕ್ ಸುಖ, ಹೊಡೂಕಲ್ಲ.”

ಈ ಮಾತಿನ ಆಳ ತಿಳಿದದ್ದು ಆಲ್ಪ್ಸ್ ಬೆಟ್ಟದವರ ಕಿಪ್‌ಲೌಫ್ ರೈಫಲ್‌ಗಳ ಬಗ್ಗೆ ಓದಿದ ಮೇಲೆ. ಕಡಿದಾದ ಬಂಡೆಗಳಲ್ಲಿ ಶಾಮ್ವಾ ಎಂಬ ಕಾಡುಮೇಕೆಯ ಬೆನ್ನು ಹತ್ತುವವರಿಗೆಂದೇ ಮಾಡಿದ್ದು. ನಡು ಮುರಿದು ಒಂದೇ ತೋಟೆ ಹಾಕಬೇಕು. ತೂಕ ಎರಡೂವರೆ ಕಿಲೋ ಆಸುಪಾಸು. ತೋಟೆ ಪೇರಿಸುವ ಪೆಟ್ಟಿಗೆಯಿಲ್ಲ, ಹಿಂದೆ ಮುಂದೆ ಜಾರುವ ಬೋಲ್ಟ್ ಇಲ್ಲ. ಹಾಗಾಗಿ ನಳಿಗೆಯನ್ನು ಕಡಿಯದೆಯೂ ಇಡೀ ಕೋವಿ ಅಂಗೈಯಗಲ ಗಿಡ್ಡವಾಗುತ್ತದೆ. ನನಗೆ ಇದು ಬಹಳ ಇಷ್ಟ: ಬೇಡದ್ದನ್ನು ಕೆತ್ತಿ ತೆಗೆದದ್ದಲ್ಲ, ಮೊದಲೇ ಇಡದೆ ಬಿಟ್ಟದ್ದು. ತೆಳು ನಳಿಗೆ ಬೇಗ ಕಾಯುತ್ತದೆ, ನಿಜ. ಆದರೆ ಒಂದು ಈಡಿಗೆ ಮುಗಿಯಬೇಕಾದ ಕೆಲಸಕ್ಕೆ ಕಾದ ನಳಿಗೆಯ ಚಿಂತೆ ಯಾಕೆ? 1872ರಲ್ಲಿ ಸ್ಕಾಟ್‌ಲೆಂಡಿನ ಜಾನ್ ಫರ್ಕುಹರ್‌ಸನ್ ಪೇಟೆಂಟ್ ಪಡೆದ ಒಂಟಿ ಈಡಿನ ರೈಫಲ್ ಇನ್ನೊಂದು ಚೆಂದ. ಸನ್ನೆ ಒತ್ತಿದರೆ ಉಕ್ಕಿನ ಅಗುಳಿ ಸರಕ್ಕನೆ ಕೆಳಗಿಳಿದು ಬಾಗಿಲು ತೆರೆಯುತ್ತದೆ.

ಹಗೂರ ಮಾಡುತ್ತಾ ಹೋದರೆ ಒಂದು ಕಡೆ ನಿಲ್ಲಲೇಬೇಕು. ಅದೇ ತೋಟೆಗೆ ಕೋವಿಯ ತೂಕ ಅರ್ಧವಾದರೆ ಹೆಗಲಿಗೆ ಬರುವ ಒದೆತದ ಶಕ್ತಿ ಇಮ್ಮಡಿ. ಅಜ್ಜಯ್ಯ ಹೇಳಿದ್ದು ಇದನ್ನೇ. ಇನ್ನೊಂದು, ಉಸಿರು ಮೇಲೆ ಕೆಳಗೆ ಆಗುವಾಗ ತೀರಾ ಹಗೂರದ ನಳಿಗೆ ಗಾಳಿಗೆ ಸಿಕ್ಕ ಕಡ್ಡಿಯಂತೆ ಅಲ್ಲಾಡುತ್ತದೆ. ಮೂತಿಯಲ್ಲಿ ತುಸು ಭಾರ ಉಳಿಸಿಕೊಂಡರೆ ಗುರಿ ನಿಲ್ಲುತ್ತದೆ. ಎಷ್ಟು ಇಳಿಸಿದೆ ಅನ್ನುವುದಕ್ಕಿಂತ ಉಳಿದದ್ದನ್ನು ಎಲ್ಲಿಟ್ಟೆ ಅನ್ನುವುದರಲ್ಲಿ ಕಸುಬುಗಾರನ ಕೈ ಕಾಣುತ್ತದೆ.

ನಮ್ಮ ಮೂಡಣಕ್ಕೂ ಬೆಟ್ಟವೇನು ಕಡಿಮೆಯಿಲ್ಲ, 1,343 ಮೀಟರಿನ ಕೊಡಚಾದ್ರಿಯೇ ಇದೆ. ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಶಿಕಾರಿಯ ಮಾತಿಲ್ಲ. ಇರಬಾರದು ಕೂಡ. ಲೈಸೆನ್ಸಿಲ್ಲದೆ ಕೋವಿ ಮಾಡುವುದಂತೂ ಜೈಲಿನ ದಾರಿ. ನನ್ನದು ನೋಡುವ ಸುಖವಷ್ಟೇ, ಮೀನು ತಿನ್ನದವನು ದೋಣಿಯ ಅಂಚು ಸವರಿದಂತೆ.

ಸವರಲು ಸಿಕ್ಕಿದ್ದು ನಮ್ಮ ಹಳೆಯ ಕೋವಿಯೊಂದೇ. ಅದರ ಬೀಟೆಯ ಹಿಡಿ ಒಮ್ಮೆ ಸೀಳಿದಾಗ, ಹಿಂದಿನ ಅರ್ಧವನ್ನು ಊರಿನ ಆಚಾರಿ ಹಲಸಿನ ಮರದಲ್ಲಿ ಮಾಡಿ ಕೂಡಿಸಿದ್ದರು. ಕಪ್ಪು ಮರ ಮುಗಿದು ಹಳದಿ ಮರ ಶುರುವಾಗುವಲ್ಲಿ ಕಣ್ಣಿಗೆ ಗೆರೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ. ಮರದ ಎಳೆ ಹಿಡಿಯ ಬಾಗಿನ ಜೊತೆಗೇ ಬಾಗುತ್ತದೆ. ಅಂಥ ತುಂಡನ್ನು ಹುಡುಕಲು ಅವರು ಎಷ್ಟು ಕೊಂಬೆ ನೋಡಿದ್ದರೋ. ಕೂಡಿಸಿ ಎತ್ತಿ ಹಿಡಿದರೆ ಕೋವಿ ಮೂತಿ ಬಗ್ಗಿಸಿತಂತೆ. ಬೀಟೆಯ ಭಾರ ಹೋಗಿ ಹಿಂದುಗಡೆ ಹಗೂರವಾಗಿತ್ತು. ಆಚಾರಿ ಏನೂ ಮಾತಾಡದೆ ಹಿಡಿಯ ಬುಡದಲ್ಲಿ ತೂತು ಕೊರೆದು, ಹಿಡಿಯಷ್ಟು ಸೀಸದ ಚರೆ ಸುರಿದು, ಮೇಣ ತುಂಬಿ, ಹಲಸಿನದೇ ಬಿರಡೆ ಹೊಡೆದರು. ತೋರುಬೆರಳ ಮೇಲಿಟ್ಟರೆ ಕೋವಿ ತಕ್ಕಡಿಯಂತೆ ನಿಂತಿತು.

ಮೇಣಕ್ಕೆ ಅಂಟದೆ ಉಳಿದ ಚರೆಯೊಂದು ಒಳಗಿದೆ. ಮಕ್ಕಳು ಕಿವಿಗಿಟ್ಟು ಅಲ್ಲಾಡಿಸಿದರೆ ಟಿಕ್ ಅನ್ನುತ್ತದೆ.